ಒಂದು ತೆಂಗಿನ ಮಡಲಿಗೆ ಇಡೀ ಸಬ್‌ಸ್ಟೇಷನ್ ಕತ್ತಲೆ: ಓವರ್‌ಕರೆಂಟ್ ರಿಲೇಯ ರಿಸೆಟ್ ಸಮಯದ ಬಗ್ಗೆ

ಪ್ರಶ್ನೆ – ಸ್ವರ್ಣಾತೀರ, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಕೈಗಾರಿಕಾ ಆವರಣದ ವಿದ್ಯುತ್ ನಿರ್ವಹಣೆಯನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮದೇ ಆದ 33/11 ಕೆವಿ ಸಬ್‌ಸ್ಟೇಷನ್ ಇದ್ದು, ಅದರಲ್ಲಿ 5 ಎಂವಿಎ ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರ್, 11 ಕೆವಿ ಕಡೆಯಲ್ಲಿ ಒಂದು ಇನ್‌ಕಮರ್ (ಟ್ರಾನ್ಸ್‌ಫಾರ್ಮರ್‌ನಿಂದ ಕರೆಂಟ್ ಒಳಬರುವ ಮುಖ್ಯ ದಾರಿ) ಮತ್ತು ನಾಲ್ಕು ಫೀಡರ್‌ಗಳಿವೆ (ಹೊರಹೋಗುವ ಲೈನ್‌ಗಳು). ಮೂರು ಫೀಡರ್‌ಗಳು ನೆಲದಡಿಯ ಕೇಬಲ್. ನಾಲ್ಕನೆಯದು ತೆಂಗಿನ ತೋಟಗಳ ನಡುವೆ ಹಾದು ಹೊಳೆಬದಿಯ ಪಂಪ್‌ಹೌಸ್‌ಗೆ ಹೋಗುವ ಓವರ್‌ಹೆಡ್ ಲೈನ್; ಮಳೆಗಾಲದಲ್ಲಿ ನಮಗೆ ನಿದ್ದೆಗೆಡಿಸುವುದು ಇದೊಂದೇ.

ಇನ್‌ಕಮರ್‌ನಲ್ಲಿ ಇರುವುದು ಹಳೆಯ ತಿರುಗುವ ಡಿಸ್ಕ್‌ನ ಐಡಿಎಂಟಿ ರಿಲೇ (ಕರೆಂಟ್ ಮಿತಿ ಮೀರಿದಾಗ ಬ್ರೇಕರ್ ತೆರೆಸುವ, ಕರೆಂಟ್ ಹೆಚ್ಚಿದಷ್ಟೂ ಬೇಗ ಕೆಲಸ ಮಾಡುವ ಸಾಧನ): ಸಿ.ಟಿ. (ರಿಲೇಗಾಗಿ ಕರೆಂಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್) 300/1, ಪ್ಲಗ್ ಸೆಟ್ಟಿಂಗ್ ಶೇಕಡಾ 100 (ಅಂದರೆ 300 ಆಂಪಿಯರ್ ಮೀರಿದರೆ ರಿಲೇ ಎಣಿಕೆ ಶುರುಮಾಡುತ್ತದೆ), ಟಿ.ಎಂ.ಎಸ್. (ರಿಲೇ ಕಾಯುವ ಸಮಯವನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) 0.25. ಪಂಪ್‌ಹೌಸ್ ಫೀಡರ್‌ಗೆ ಹೋದ ವರ್ಷ ನ್ಯೂಮರಿಕಲ್ (ಡಿಸ್ಕ್ ಇಲ್ಲದೆ ಪ್ರೊಸೆಸರ್‌ನಿಂದ ಲೆಕ್ಕ ಹಾಕುವ) ರಿಲೇ ಹಾಕಿಸಿದೆವು: ಸಿ.ಟಿ. 200/1, ಪಿಕ್‌ಅಪ್ (ಎಣಿಕೆ ಶುರುವಾಗುವ ಕರೆಂಟ್) 200 ಆಂಪಿಯರ್, ಟಿ.ಎಂ.ಎಸ್. 0.1. ಎರಡರಲ್ಲೂ ಸ್ಟ್ಯಾಂಡರ್ಡ್ ಇನ್‌ವರ್ಸ್ ವಕ್ರವೇ (ಎಷ್ಟು ಕರೆಂಟಿಗೆ ಎಷ್ಟು ಸಮಯ ಎಂದು ಹೇಳುವ ಗೆರೆ) ಇದೆ. ಹೊಸ ರಿಲೇಯ ಆಟೋ ರಿಕ್ಲೋಸ್ ಅನ್ನು (ಟ್ರಿಪ್ ಆದ ಲೈನನ್ನು ತಾನಾಗಿ ಮತ್ತೆ ಜೋಡಿಸುವುದು) ಮೂರು ಬಾರಿ, ಪ್ರತಿ ಬಾರಿ 1 ಸೆಕೆಂಡಿನ ಡೆಡ್ ಟೈಮ್ (ಮತ್ತೆ ಜೋಡಿಸುವ ಮೊದಲಿನ ಬಿಡುವು) ಇಟ್ಟು ಚಾಲೂ ಮಾಡಿದ್ದೇವೆ.

ಈ ಸಲದ ಮಳೆಯಲ್ಲಿ ಎರಡು ಬಾರಿ ಮಡಲು ತಂತಿಗಳ ಮೇಲೆ ಅಡ್ಡಬಿದ್ದು ಹಾಗೆಯೇ ಸಿಕ್ಕಿಕೊಂಡಿತು. ಎರಡೂ ಸಲ ಫಾಲ್ಟ್ ಕರೆಂಟ್ ಸುಮಾರು 1200 ಆಂಪಿಯರ್, ಜಾಗವೂ ಹೆಚ್ಚುಕಡಿಮೆ ಅದೇ ತಿರುವು. ಮೊದಲನೆಯದು ನಡುರಾತ್ರಿಯಲ್ಲಿ ಆಯಿತು. ಫೀಡರ್ ನಾಲ್ಕು ಬಾರಿ ಟ್ರಿಪ್ ಆಗಿ ಲಾಕೌಟ್‌ಗೆ ಹೋಯಿತು (ತಾನಾಗಿ ಮತ್ತೆ ಜೋಡಣೆಯಾಗದಂತೆ ನಿಂತಿತು), ಉಳಿದವರಿಗೆ ಏನೂ ಆಗಲಿಲ್ಲ. ಎರಡನೆಯದು ಸಂಜೆ ಏಳೂವರೆಗೆ, ಪಾಳಿ ಪೂರ್ತಿ ನಡೆಯುತ್ತಿದ್ದಾಗ ಆಯಿತು. ನಾಲ್ಕನೆಯ ಟ್ರಿಪ್‌ನ ಜೊತೆಗೇ ಇನ್‌ಕಮರ್ ಕೂಡ ಬಿದ್ದು ಇಡೀ ಆವರಣ ಕತ್ತಲಾಯಿತು. ನಾನು ಹೋಗಿ ನೋಡಿದಾಗ ಹಳೆಯ ರಿಲೇಯ ಫ್ಲ್ಯಾಗ್ (ಟ್ರಿಪ್ ಆದದ್ದನ್ನು ತೋರಿಸುವ ಗುರುತು) ಬಿದ್ದಿತ್ತು.

ವಕ್ರಗಳನ್ನು ಹಾಕಿ ನೋಡಿದರೆ 1200 ಆಂಪಿಯರ್‌ಗೆ ಫೀಡರ್ ರಿಲೇ 0.384 ಸೆಕೆಂಡಿಗೆ, ಇನ್‌ಕಮರ್ ರಿಲೇ 1.245 ಸೆಕೆಂಡಿಗೆ ಕೆಲಸ ಮಾಡಬೇಕು. ನಡುವೆ 0.86 ಸೆಕೆಂಡಿನ ಅಂತರವಿದೆ. ಬೇರೆಡೆಯಿಂದ ಬಂದು ಪರೀಕ್ಷಿಸಿದವರು ಹಳೆಯ ರಿಲೇ ಸರಿಯಾಗಿಯೇ ಇದೆ ಎಂದು ಬರೆದುಕೊಟ್ಟಿದ್ದಾರೆ. ಇಷ್ಟು ಅಂತರವಿದ್ದೂ ಅದು ಹೇಗೆ ಟ್ರಿಪ್ ಆಯಿತು, ಮತ್ತು ರಾತ್ರಿ ಆಗದದ್ದು ಸಂಜೆ ಏಕೆ ಆಯಿತು ಎಂಬುದನ್ನು ದಯವಿಟ್ಟು ತಿಳಿಸಿ. ಹೊಸ ರಿಲೇಯಲ್ಲಿ ‘ರಿಸೆಟ್ ಸಮಯ’ ಎಂಬ ಸೆಟ್ಟಿಂಗ್ ಸೊನ್ನೆಯಲ್ಲಿದೆ. ಅದನ್ನು ಯಾರೂ ಮುಟ್ಟಿಲ್ಲ, ಅದರ ಅರ್ಥವೂ ನನಗೆ ಪೂರ್ತಿಯಾಗಿ ಗೊತ್ತಿಲ್ಲ.

ಉತ್ತರ 1 – ಟೆಸ್ಟ್‌ಬೆಂಚ್, ಮಂಗಳೂರು

ನಮಸ್ಕಾರ ಸರ್. ನಿಮ್ಮ ಹಳೆಯ ರಿಲೇ ಕೆಟ್ಟಿಲ್ಲ. ಅದು ತನ್ನ ಸ್ವಭಾವದಂತೆಯೇ ನಡೆದುಕೊಂಡಿದೆ. ನೀವು ಕಾರ್ಯಾಚರಣೆಯ ವಕ್ರವನ್ನು ಮಾತ್ರ ಹೋಲಿಸಿದ್ದೀರಿ. ಕರೆಂಟ್ ಇಳಿದ ಮೇಲೆ ಪ್ರತಿಯೊಂದು ರಿಲೇ ತನ್ನ ಮೊದಲ ಸ್ಥಿತಿಗೆ ಮರಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಹೋಲಿಸಿಲ್ಲ. ಒಂದೇ ಬಾರಿ ಟ್ರಿಪ್ ಆಗಿ ನಿಲ್ಲುವ ಫೀಡರ್‌ನಲ್ಲಿ ಇದು ಗಮನಕ್ಕೇ ಬರುವುದಿಲ್ಲ, ರಿಕ್ಲೋಸ್ ಹಾಕಿದ ದಿನದಿಂದ ಇದೇ ಮುಖ್ಯವಾಗುತ್ತದೆ.

ಡಿಸ್ಕ್ ರಿಲೇಯನ್ನು ಗಾಜಿನ ಹೊರಗಿನಿಂದ ನೋಡಿದ್ದೀರಲ್ಲ. ಕರೆಂಟ್ ಪಿಕ್‌ಅಪ್‌ಗಿಂತ ಹೆಚ್ಚಾದಾಗ ಅಲ್ಯೂಮಿನಿಯಂ ಡಿಸ್ಕ್ ಸುರುಳಿ ಸ್ಪ್ರಿಂಗ್‌ನ ಎಳೆತವನ್ನು ಮೀರಿ ಮುಂದಕ್ಕೆ ತಿರುಗುತ್ತದೆ. ಅಂಚಿನಲ್ಲಿರುವ ಕಾಯಂ ಆಯಸ್ಕಾಂತ ಅದರ ವೇಗವನ್ನು ಹಿಡಿತದಲ್ಲಿಡುತ್ತದೆ. ಫಾಲ್ಟ್ ತೆರವಾದ ಕೂಡಲೇ ಡಿಸ್ಕ್ ಸೊನ್ನೆಗೆ ಹಾರುವುದಿಲ್ಲ. ತನ್ನ ಚಲನೆಯ ಬಲದಿಂದ ಇನ್ನೂ ಸ್ವಲ್ಪ ಮುಂದಕ್ಕೆ ಸರಿದು, ಆಮೇಲೆ ಸ್ಪ್ರಿಂಗ್ ಎಳೆದಷ್ಟು ನಿಧಾನವಾಗಿ ಹಿಂದಿನ ತಡೆಗೂಟದ ಕಡೆಗೆ ಬರುತ್ತದೆ. ಬರುತ್ತಿರುವಾಗಲೇ ಮತ್ತೊಂದು ಫಾಲ್ಟ್ ಬಂದರೆ ಅದು ಹೊರಡುವುದು ತಡೆಗೂಟದಿಂದಲ್ಲ, ತಾನಿದ್ದ ಜಾಗದಿಂದ.

ನಿಮ್ಮ ಹೊಸ ರಿಲೇ ಹಾಗಲ್ಲ. ರಿಸೆಟ್ ಸಮಯ ಸೊನ್ನೆ ಇರುವುದರಿಂದ ಕರೆಂಟ್ ಇಳಿದ ಕ್ಷಣವೇ ಅದು ಎಣಿಕೆಯನ್ನು ಅಳಿಸಿ, ಪ್ರತಿ ರಿಕ್ಲೋಸ್ ಆದಾಗಲೂ ಪೂರ್ತಿ 0.384 ಸೆಕೆಂಡ್ ಕಾಯುತ್ತದೆ. ಹೀಗೆ ಕೆಳಗಿನ ರಿಲೇ ಪ್ರತಿ ಸಲ ಮರೆಯುತ್ತದೆ, ಮೇಲಿನ ರಿಲೇ ನೆನಪಿಟ್ಟುಕೊಳ್ಳುತ್ತದೆ. ನಿಮಗೆ ಆದದ್ದು ಇದರಿಂದಲೇ.

ಲೆಕ್ಕ ಹಾಕೋಣ. ಬ್ರೇಕರ್ ತೆರೆಯಲು 0.08 ಸೆಕೆಂಡ್ ಬೇಕೆಂದು ಹಿಡಿದರೆ ಪ್ರತಿ ಸಲ ಫಾಲ್ಟ್ 0.464 ಸೆಕೆಂಡ್ ಹರಿಯುತ್ತದೆ. ಇನ್‌ಕಮರ್‌ನ ಪೂರ್ತಿ ಪಯಣ 1.245 ಸೆಕೆಂಡ್ ಆದ್ದರಿಂದ ಪ್ರತಿ ಸಲ ಡಿಸ್ಕ್ ಶೇಕಡಾ 37.3ರಷ್ಟು ಮುಂದಕ್ಕೆ ಹೋಗುತ್ತದೆ. ಇನ್ನು ಮರಳುವಿಕೆ. ಡಿಸ್ಕ್‌ನ್ನು ಮುಂದಕ್ಕೆ ತಳ್ಳುವ ಬಲ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ, ಪಿಕ್‌ಅಪ್‌ನಲ್ಲಿ ಅದು ಸ್ಪ್ರಿಂಗ್‌ಗೆ ಸಮನಾಗಿರುತ್ತದೆ. ಆದ್ದರಿಂದ ಪಿಕ್‌ಅಪ್‌ಗಿಂತ ಕೆಳಗೆ ಹಿಂದಕ್ಕೆ ಎಳೆಯುವ ಬಲ ‘1 ಕಳೆ ಗುಣಕದ ವರ್ಗ’ ಆಗುತ್ತದೆ. ಗುಣಕವೆಂದರೆ ಹರಿಯುವ ಕರೆಂಟನ್ನು ಪಿಕ್‌ಅಪ್‌ನಿಂದ ಭಾಗಿಸಿದ್ದು. ಡಿಸ್ಕ್‌ನ ನಡವಳಿಕೆಯನ್ನು ಅನುಕರಿಸುವ ನ್ಯೂಮರಿಕಲ್ ರಿಲೇಗಳಲ್ಲಿ ಈ ವಕ್ರಕ್ಕೆ ಬಳಸುವ ಒಂದು ಸಮೀಕರಣ ಹೀಗಿದೆ:

ಪೂರ್ತಿ ಮರಳುವ ಸಮಯ = ಟಿ.ಎಂ.ಎಸ್. × 13.5 ÷ (1 − ಗುಣಕದ ವರ್ಗ)

ನಿಮ್ಮ ಡಿಸ್ಕ್‌ನ ನಿಜವಾದ ಅಂಕಿ ಬೇರೆ ಇರಬಹುದು, ಅಳೆದೇ ತಿಳಿಯಬೇಕು, ಸದ್ಯಕ್ಕೆ 13.5 ಹಿಡಿಯೋಣ. ಇಲ್ಲಿ ನಿಮ್ಮ ಸಂಜೆ ಮತ್ತು ನಡುರಾತ್ರಿಯ ವ್ಯತ್ಯಾಸ ಸಿಗುತ್ತದೆ. ಪಂಪ್‌ಹೌಸ್ ಫೀಡರ್ ತೆರೆದಿರುವ ಆ 1 ಸೆಕೆಂಡಿನಲ್ಲಿಯೂ ಉಳಿದ ಮೂರು ಫೀಡರ್‌ಗಳ ಲೋಡ್ ಇನ್‌ಕಮರ್ ಮೂಲಕ ಹರಿಯುತ್ತಲೇ ಇರುತ್ತದೆ, ಅದು ಡಿಸ್ಕ್‌ನ ಹಿಮ್ಮುಖ ಪಯಣವನ್ನು ತಡೆಯುತ್ತದೆ. ನಡುರಾತ್ರಿ ಲೋಡ್ 60 ಆಂಪಿಯರ್ ಎಂದರೆ ಗುಣಕ 0.2, ಪೂರ್ತಿ ಮರಳಲು 3.5 ಸೆಕೆಂಡ್. ಸಂಜೆ 210 ಆಂಪಿಯರ್ ಎಂದರೆ ಗುಣಕ 0.7, ಪೂರ್ತಿ ಮರಳಲು 6.6 ಸೆಕೆಂಡ್.

ನಡುರಾತ್ರಿ 1 ಸೆಕೆಂಡಿನಲ್ಲಿ ಡಿಸ್ಕ್ ಶೇಕಡಾ 28ರಷ್ಟು ಹಿಂದೆ ಬರುತ್ತದೆ. ಮೊದಲ ಫಾಲ್ಟ್‌ಗೆ 37ಕ್ಕೆ ಹೋಗಿ 9ಕ್ಕೆ ಇಳಿಯುತ್ತದೆ, ಎರಡನೆಯದಕ್ಕೆ 46, ಮೂರನೆಯದಕ್ಕೆ 55, ನಾಲ್ಕನೆಯದಕ್ಕೆ 64ಕ್ಕೇರಿ ಅಲ್ಲಿಗೆ ಲಾಕೌಟ್ ಆಗುತ್ತದೆ. ಸಂಜೆ ಅದೇ 1 ಸೆಕೆಂಡಿನಲ್ಲಿ ಹಿಂದೆ ಬರುವುದು ಶೇಕಡಾ 15 ಮಾತ್ರ. 37ರಿಂದ 22ಕ್ಕೆ ಇಳಿದು, ಎರಡನೆಯ ಸಲ 59ಕ್ಕೇರಿ 44ಕ್ಕೆ, ಮೂರನೆಯ ಸಲ 82ಕ್ಕೇರಿ 67ಕ್ಕೆ ಬಂದು ನಿಂತಿರುತ್ತದೆ. ನಾಲ್ಕನೆಯ ಸಲ ಡಿಸ್ಕ್‌ಗೆ ಉಳಿದಿರುವ ದಾರಿ ಶೇಕಡಾ 33, ಅಂದರೆ 0.416 ಸೆಕೆಂಡ್. ಫೀಡರ್ ರಿಲೇ ತನ್ನ ಆಜ್ಞೆಯನ್ನು 0.384ಕ್ಕೇ ಕೊಟ್ಟಿದ್ದರೂ ಬ್ರೇಕರ್ ತೆರೆಯುವುದು 0.464ಕ್ಕೆ, ಅಷ್ಟರೊಳಗೆ ಡಿಸ್ಕ್ ತನ್ನ ಸಂಪರ್ಕವನ್ನು ಮುಟ್ಟಿಬಿಟ್ಟಿರುತ್ತದೆ. ನೀವು ಬರೆದಂತೆ ನಾಲ್ಕನೆಯ ಟ್ರಿಪ್‌ನ ‘ಜೊತೆಗೇ’ ಇನ್‌ಕಮರ್ ಬಿದ್ದದ್ದು ಇದಕ್ಕೇ. ಮೇಲೆ ಹೇಳಿದ ಓವರ್‌ಶೂಟನ್ನು (ಫಾಲ್ಟ್ ತೆರವಾದ ಮೇಲೂ ಡಿಸ್ಕ್ ಮುಂದಕ್ಕೆ ಸರಿಯುವುದನ್ನು) ನಾನು ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ಸ್ಥಿತಿ ಇನ್ನೂ ಬಿಗಿಯಾಗುತ್ತದೆ.

ಪರೀಕ್ಷೆ ಮಾಡಿದವರು ತಪ್ಪು ಬರೆದಿದ್ದಾರೆಂದು ನನಗೆ ಅನಿಸುವುದಿಲ್ಲ. ಸಾಮಾನ್ಯ ಸೆಕೆಂಡರಿ ಇಂಜೆಕ್ಷನ್‌ನಲ್ಲಿ (ಪರೀಕ್ಷಾ ಕಿಟ್‌ನಿಂದ ರಿಲೇಗೆ ನೇರವಾಗಿ ಕರೆಂಟ್ ಕೊಟ್ಟು ಸಮಯ ಅಳೆಯುವ ಪರೀಕ್ಷೆ) ಪ್ರತಿ ರೀಡಿಂಗ್ ನಡುವೆ ಡಿಸ್ಕ್ ಹಿಂದೆ ಬಂದು ನಿಲ್ಲುವವರೆಗೆ ಕಾಯುತ್ತಾರೆ, ಕಾಯಲೇಬೇಕು. ನನ್ನ ಜೊತೆ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಅವಸರದಲ್ಲಿ ಒಂದರ ಹಿಂದೊಂದು ಇಂಜೆಕ್ಟ್ ಮಾಡಿ, ರಿಲೇ ವೇಗವಾಗಿದೆ ಎಂದು ಟಿ.ಎಂ.ಎಸ್. ಏರಿಸಲು ಹೊರಟಿದ್ದ. ಡಿಸ್ಕ್‌ನ ಅಂಚಿನ ಕಪ್ಪು ಗುರುತನ್ನು ತೋರಿಸಿ, ಅದು ತಡೆಗೂಟಕ್ಕೆ ಬಂದು ತಾಗುವುದನ್ನು ನೋಡಿದ ಮೇಲೆ ಬಟನ್ ಒತ್ತು ಎಂದೆ. ಅಂಕಿಗಳು ತಾವಾಗಿ ಸರಿಹೋದವು. ಅವನಿಗೆ ತಪ್ಪಾಗಿ ಬಂದ ಆ ರೀಡಿಂಗ್‌ಗಳೇ ನಿಮ್ಮ ಲೈನ್‌ನಲ್ಲಿ ನಿಜವಾಗಿ ನಡೆದ ಘಟನೆ.

ನನ್ನ ಸಲಹೆ: ಡೆಡ್ ಟೈಮ್‌ಗಳನ್ನು ಹಿಗ್ಗಿಸಿ. ಮೊದಲನೆಯದು 1 ಸೆಕೆಂಡ್ ಇರಲಿ, ಎರಡನೆಯದು 10, ಮೂರನೆಯದು 20 ಸೆಕೆಂಡ್ ಆಗಲಿ. ಆಗ ಲೋಡ್ 270 ಆಂಪಿಯರ್‌ಗೆ ಏರಿ ಗುಣಕ 0.9 ಆಗಿ, ಮರಳುವ ಸಮಯ ಸುಮಾರು 18 ಸೆಕೆಂಡಿಗೆ ಹಿಗ್ಗಿದರೂ ಡಿಸ್ಕ್ ಶೇಕಡಾ 70ನ್ನು ದಾಟುವುದಿಲ್ಲ.

ಉತ್ತರ 2 – ಪಾಠದ ಮೇಜು, ಸುರತ್ಕಲ್

ಟೆಸ್ಟ್‌ಬೆಂಚ್ ಅವರ ವಿವರಣೆಯನ್ನು ಪೂರ್ತಿ ಒಪ್ಪುತ್ತೇನೆ. ‘ರಿಸೆಟ್ ಸಮಯ’ ಎಂಬ ಸೆಟ್ಟಿಂಗ್ ಏನೆಂಬ ನಿಮ್ಮ ಪ್ರಶ್ನೆ ಉಳಿದಿದೆಯಾದ್ದರಿಂದ ಅದನ್ನು ಹೇಳುತ್ತೇನೆ.

ನ್ಯೂಮರಿಕಲ್ ರಿಲೇಯಲ್ಲಿ ಮರಳುವಿಕೆಗೆ ಸಾಮಾನ್ಯವಾಗಿ ಮೂರು ಬಗೆ ಇವೆ. ತಕ್ಷಣ ಮರಳುವುದು ಒಂದು, ನಿಮ್ಮದು ಈಗ ಇರುವುದು ಹೀಗೆ. ಎರಡನೆಯದು ನಿಶ್ಚಿತ ಸಮಯದ್ದು: ಕರೆಂಟ್ ಇಳಿದರೂ ಕೊಟ್ಟ ಸಮಯದವರೆಗೆ ರಿಲೇ ತನ್ನ ಎಣಿಕೆಯನ್ನು ಬಿಟ್ಟುಕೊಡುವುದಿಲ್ಲ, ಅಷ್ಟರಲ್ಲಿ ಫಾಲ್ಟ್ ಮತ್ತೆ ಬಂದರೆ ಅಲ್ಲಿಂದಲೇ ಮುಂದುವರಿಸುತ್ತದೆ. ಆ ಅವಧಿಯಲ್ಲಿ ಎಣಿಕೆ ಹೇಗಿರುತ್ತದೆ ಎಂಬ ವಿವರ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿಯ ಆ ಪುಟವನ್ನು ಓದದೆ ಸೆಟ್ ಮಾಡಬಾರದು. ಮೂರನೆಯದು ಡಿಸ್ಕ್‌ನ ಅನುಕರಣೆ, ಅಂದರೆ ಕರೆಂಟಿಗೆ ಅನುಗುಣವಾಗಿ ನಿಧಾನವಾಗಿ ಮರಳುವುದು.

1996ರ ಐಇಇಇ ಸಿ37.112 ಮಾನದಂಡ ಕಾರ್ಯಾಚರಣೆಯ ಸಮೀಕರಣದ ಜೊತೆಗೇ ಮರಳುವಿಕೆಯ ಸಮೀಕರಣವನ್ನೂ ಕೊಟ್ಟಿತು. ಅದರ ಮಾಡರೇಟ್ಲಿ ಇನ್‌ವರ್ಸ್ ವಕ್ರಕ್ಕೆ ಮರಳುವ ಅಂಕಿ (ಮೇಲಿನ 13.5ರ ಜಾಗದಲ್ಲಿ ಬರುವುದು) 4.85, ವೆರಿ ಇನ್‌ವರ್ಸ್‌ಗೆ 21.6, ಎಕ್ಸ್‌ಟ್ರೀಮ್ಲಿ ಇನ್‌ವರ್ಸ್‌ಗೆ 29.1. 2009ರ ಐಇಸಿ 60255-151 ಕೂಡ ಮರಳುವಿಕೆಯ ಬಗ್ಗೆ ಹೇಳುತ್ತದೆ. ಆದರೆ ನಾವು ಇಲ್ಲಿ ಹೆಚ್ಚಾಗಿ ಬಳಸುವ ಎ, ಬಿ, ಸಿ ವಕ್ರಗಳಿಗೆ (ಅದರ ಸ್ಟ್ಯಾಂಡರ್ಡ್, ವೆರಿ, ಎಕ್ಸ್‌ಟ್ರೀಮ್ಲಿ ಇನ್‌ವರ್ಸ್) ಅಂಕಿಯನ್ನು ತಯಾರಕರೇ ತಿಳಿಸಬೇಕೆಂದು ಬಿಟ್ಟಿದೆ. ಆದ್ದರಿಂದಲೇ ನಮ್ಮ ಕಡೆಯ ಸೆಟ್ಟಿಂಗ್ ಪಟ್ಟಿಗಳಲ್ಲಿ ಟಿ.ಎಂ.ಎಸ್.ಗೆ ಒಂದು ಕಾಲಂ ಇರುತ್ತದೆ, ರಿಸೆಟ್‌ಗೆ ಇರುವುದಿಲ್ಲ. ಈ ಕಾಲಂ ಇರಲೇಬೇಕೆಂದು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಡೆಡ್ ಟೈಮ್ ಹಿಗ್ಗಿಸುವುದಕ್ಕೆ ಬದಲಾಗಿ ಇನ್ನೊಂದು ದಾರಿಯೂ ಇದೆ. ಫೀಡರ್ ರಿಲೇಯಲ್ಲಿಯೇ ಡಿಸ್ಕ್ ಅನುಕರಣೆ ಹಾಕಿದರೆ, ಅದೇ 13.5ರ ಲೆಕ್ಕದಲ್ಲಿ, ಫೀಡರ್ ತೆರೆದಾಗ ಅದರಲ್ಲಿ ಕರೆಂಟ್ ಸೊನ್ನೆಯಾದ್ದರಿಂದ ಅದು 1.35 ಸೆಕೆಂಡಿಗೆ ಪೂರ್ತಿ ಮರಳುತ್ತದೆ. 1 ಸೆಕೆಂಡಿನಲ್ಲಿ ಶೇಕಡಾ 26 ಉಳಿಯುವುದರಿಂದ ಎರಡನೆಯ ಸಲದಿಂದ 0.284 ಸೆಕೆಂಡಿಗೇ ಟ್ರಿಪ್ ಆಗುತ್ತದೆ. ಆಗ ಸಂಜೆಯ ಲೋಡ್‌ನಲ್ಲಿಯೂ ಇನ್‌ಕಮರ್ ಡಿಸ್ಕ್ ನಾಲ್ಕನೆಯ ಸಲಕ್ಕೆ ಶೇಕಡಾ 80ರ ಹತ್ತಿರ ನಿಲ್ಲುತ್ತದೆ. ಎರಡೂ ರಿಲೇಗಳು ನೆನಪಿಟ್ಟುಕೊಂಡರೆ ಹೊಂದಾಣಿಕೆ ತಾನಾಗಿ ಉಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ.

ಉತ್ತರ 3 – ಟೆಸ್ಟ್‌ಬೆಂಚ್, ಮಂಗಳೂರು

ಮೇಷ್ಟ್ರೇ, ಲೆಕ್ಕ ಸರಿಯಾಗಿದೆ, ಆದರೆ ಪಂಪ್‌ಹೌಸ್ ಲೈನ್‌ಗೆ ನಾನು ಅದನ್ನು ಸೂಚಿಸಲಾರೆ. ಮಡಲು ಬಿದ್ದು ಜಾರಿಹೋಗಿ ಫಾಲ್ಟ್ ತಾನಾಗಿ ತೆರವಾದ ಮೇಲೆ ಲೈನ್ ಮತ್ತೆ ಚಾರ್ಜ್ ಆದಾಗ ಟ್ರಾನ್ಸ್‌ಫಾರ್ಮರ್‌ಗಳ ಇನ್‌ರಷ್ (ಚಾರ್ಜ್ ಆದ ಕ್ಷಣ ಎಳೆಯುವ ದೊಡ್ಡ ಕರೆಂಟ್), ಉಳಿದ ಮೋಟಾರುಗಳ ಸ್ಟಾರ್ಟಿಂಗ್ ಎಲ್ಲವೂ ಒಟ್ಟಿಗೆ ಬರುತ್ತವೆ. ಆ ಕ್ಷಣದಲ್ಲಿ ರಿಲೇ ಕಾಲು ಭಾಗ ದಾರಿ ಮೊದಲೇ ಸವೆಸಿ ನಿಂತಿದ್ದರೆ ಫಾಲ್ಟ್ ಇಲ್ಲದೆಯೂ ಟ್ರಿಪ್ ಆಗಬಹುದು. ಟಿ.ಎಂ.ಎಸ್. 0.1ರಷ್ಟು ಚಿಕ್ಕದಿರುವಲ್ಲಿ ಆ ಕಾಲು ಭಾಗಕ್ಕೂ ಬೆಲೆಯಿದೆ.

ಉತ್ತರ 4 – ಪಾಠದ ಮೇಜು, ಸುರತ್ಕಲ್

ಒಪ್ಪುತ್ತೇನೆ. ರಿಕ್ಲೋಸ್ ಇರುವ ಓವರ್‌ಹೆಡ್ ಫೀಡರ್‌ಗೆ ತಕ್ಷಣದ ರಿಸೆಟ್ ಇರಿಸಿ ಡೆಡ್ ಟೈಮ್ ಹಿಗ್ಗಿಸುವುದೇ ಇಲ್ಲಿ ಸುರಕ್ಷಿತ. ಒಂದು ಮಾತು ಮಾತ್ರ ಸೇರಿಸುತ್ತೇನೆ: ನಿಮ್ಮ 33 ಕೆವಿ ಕಡೆಯ ರಿಲೇಯೂ, ಅದರ ಆಚೆ ಸರಬರಾಜು ಕಡೆಯ ಫೀಡರ್ ರಿಲೇಯೂ ಇದೇ 1200 ಆಂಪಿಯರ್‌ನ್ನು ಸುಮಾರು 400 ಆಂಪಿಯರ್ ಆಗಿ ನೋಡುತ್ತವೆ. ಅವುಗಳ ಪಿಕ್‌ಅಪ್ ಅದಕ್ಕಿಂತ ಕೆಳಗಿದ್ದು, ಅವುಗಳಲ್ಲಿಯೂ ಡಿಸ್ಕ್ ಇದ್ದರೆ ಅವೂ ಮೆಟ್ಟಿಲು ಹತ್ತುತ್ತಿರುತ್ತವೆ. ಆ ಸೆಟ್ಟಿಂಗ್‌ಗಳನ್ನು ಬರೆದುಕೊಂಡು ಇದೇ ಲೆಕ್ಕ ಹಾಕಿ.

ಉತ್ತರ 5 – ಕೇಬಲ್ ಗುಂಡಿ, ಬೈಕಂಪಾಡಿ

ಚರ್ಚೆಯನ್ನು ಓದುತ್ತಿದ್ದಾಗ ‘ತಕ್ಷಣದ ರಿಸೆಟ್ ಸುರಕ್ಷಿತ’ ಎಂಬ ಮಾತನ್ನು ಯಾರಾದರೂ ಎಲ್ಲ ಫೀಡರ್‌ಗಳಿಗೂ ಅನ್ವಯಿಸಿಬಿಟ್ಟಾರೆಂದು ಇದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಕೇಳಿದವರ ಉಳಿದ ಮೂರು ಫೀಡರ್‌ಗಳು ಕೇಬಲ್. ಅಲ್ಲಿ ಸೊನ್ನೆ ಸೆಕೆಂಡಿನ ರಿಸೆಟ್ ಅಪಾಯಕಾರಿಯಾಗಬಹುದು.

ಮಂಗಳೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, 11 ಕೆವಿ ಕೇಬಲ್‌ನ ಒಂದು ಜಾಯಿಂಟ್ ಮಳೆನೀರು ಕುಡಿದಿತ್ತು. ಇಂಥ ಜಾಯಿಂಟ್‌ನಲ್ಲಿ ಫಾಲ್ಟ್ ನೇರವಾಗಿ ಬರುವುದಿಲ್ಲ. ಒಂದು ಕಿಡಿ ಹಾರಿ ಭೂಮಿಗೆ ಕರೆಂಟ್ ಹರಿಯುತ್ತದೆ, ಆ ಶಾಖಕ್ಕೆ ನೀರು ಆವಿಯಾಗಿ ಜಾಗ ಒಣಗುತ್ತದೆ, ಕಿಡಿ ಆರುತ್ತದೆ, ಮತ್ತೆ ನೀರು ತುಂಬುತ್ತದೆ, ಮತ್ತೆ ಕಿಡಿ. ಪ್ರತಿ ಕಿಡಿ 0.1 ಸೆಕೆಂಡ್, ನಡುವೆ 0.3 ಸೆಕೆಂಡ್ ಬಿಡುವು ಎಂದು ಇಟ್ಟುಕೊಳ್ಳಿ. ಅರ್ಥ್ ಫಾಲ್ಟ್ ರಿಲೇಗೆ ಟ್ರಿಪ್ ಆಗಲು 0.5 ಸೆಕೆಂಡ್ ಬೇಕಿದ್ದರೆ, ರಿಸೆಟ್ ಸೊನ್ನೆ ಇರುವಾಗ ಅದು ಬೆಳಗಿನವರೆಗೂ ಟ್ರಿಪ್ ಆಗುವುದಿಲ್ಲ. ಆಗಲೂ ಇಲ್ಲ. ರಿಲೇಯ ದಾಖಲೆಯನ್ನು ತೆರೆದಾಗ ‘ಪಿಕ್‌ಅಪ್’, ‘ಡ್ರಾಪ್‌ಆಫ್’, ‘ಪಿಕ್‌ಅಪ್’, ‘ಡ್ರಾಪ್‌ಆಫ್’ ಎಂದು ಪುಟಗಟ್ಟಲೆ ಸಾಲುಗಳಿದ್ದವು, ‘ಟ್ರಿಪ್’ ಎಂಬ ಸಾಲು ಒಂದೂ ಇರಲಿಲ್ಲ. ಕೊನೆಗೆ ಜಾಯಿಂಟ್ ಪೂರ್ತಿ ಸಿಡಿದು ಫೇಸ್ ಫಾಲ್ಟ್ (ತಂತಿ ತಂತಿಗಳ ನಡುವಿನ ಶಾರ್ಟ್) ಆದ ಮೇಲೆಯೇ ಬ್ರೇಕರ್ ತೆರೆಯಿತು. ಅಗೆದು ಜಾಯಿಂಟ್ ಕತ್ತರಿಸಿದಾಗ ಒಳಗಿನಿಂದ ಕಪ್ಪು ನೀರು ಕೈಮೇಲೆ ಇಳಿಯಿತು. ಪಕ್ಕದಲ್ಲಿದ್ದ ಇನ್ನೊಂದು ಕೇಬಲ್‌ನ ಹೊರಕವಚವೂ ಬೆಂದಿತ್ತು.

ಅಲ್ಲಿ ನಿಶ್ಚಿತ ರಿಸೆಟ್ 1 ಸೆಕೆಂಡ್ ಇದ್ದು, ರಿಲೇ ತನ್ನ ಎಣಿಕೆಯನ್ನು ಹಿಡಿದಿಟ್ಟುಕೊಳ್ಳುವ ಬಗೆಯದ್ದಾಗಿದ್ದರೆ ಐದನೆಯ ಕಿಡಿಗೇ, ಎರಡು ಸೆಕೆಂಡಿನೊಳಗೆ ಟ್ರಿಪ್ ಆಗುತ್ತಿತ್ತು. ಹಳೆಯ ಡಿಸ್ಕ್ ರಿಲೇ ಇದ್ದಿದ್ದರೂ ಅದು ಒಂದೊಂದು ಕಿಡಿಗೆ ಒಂದೊಂದು ಹೆಜ್ಜೆ ಮುಂದೆ ಹೋಗಿ ಮುಟ್ಟುವ ಸಾಧ್ಯತೆ ಹೆಚ್ಚಿತ್ತು. ಹಳೆಯ ರಿಲೇ ತೆಗೆದು ಹೊಸದು ಹಾಕುವಾಗ ನಾವು ಗೊತ್ತಿಲ್ಲದೆಯೇ ಈ ರಕ್ಷಣೆಯನ್ನು ಕಳಚಿಡುತ್ತಿದ್ದೇವೆ. ಕೇಬಲ್‌ಗೆ ರಿಕ್ಲೋಸ್ ಹಾಕುವ ರೂಢಿ ಇಲ್ಲ, ಆದ್ದರಿಂದ ಅಲ್ಲಿ ರಿಸೆಟ್ ತಡಮಾಡಿದರೆ ಮೇಲಿನವರು ಹೇಳಿದ ತೊಂದರೆಯೂ ಬರುವುದಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ – ಸ್ವರ್ಣಾತೀರ, ಉಡುಪಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಶಟ್‌ಡೌನ್ ಸಿಕ್ಕಿದ್ದರಿಂದ ಹಳೆಯ ರಿಲೇಯನ್ನು ಅಳೆಯಲು ಸಾಧ್ಯವಾಯಿತು. ಮೊದಲು ನಾನು ಸಂಪರ್ಕ ಬಿಟ್ಟ ಕ್ಷಣವನ್ನೇ ರಿಸೆಟ್ ಎಂದು ಟೈಮರ್‌ನಲ್ಲಿ ಹಿಡಿದೆ, ಅದು ಕಣ್ಣುಮುಚ್ಚಿ ತೆರೆಯುವಷ್ಟು ಚಿಕ್ಕದಾಗಿ ಬಂತು. ಸಂಪರ್ಕ ಬಿಡುವುದಕ್ಕೂ ಡಿಸ್ಕ್ ತಡೆಗೂಟಕ್ಕೆ ಬರುವುದಕ್ಕೂ ಎಷ್ಟು ಅಂತರವಿದೆ ಎಂಬುದು ಗಾಜಿನ ಮುಂದೆ ಕೂತು ನೋಡಿದಾಗಲೇ ಅರ್ಥವಾಯಿತು. ಕರೆಂಟ್ ಪೂರ್ತಿ ತೆಗೆದಾಗ ಡಿಸ್ಕ್ ಹಿಂದಕ್ಕೆ ಬರಲು 3.6 ಸೆಕೆಂಡ್, ಟ್ರಿಪ್ ಆದ ಮೇಲೆ 0.7 ಆಂಪಿಯರ್ (ಸಂಜೆಯ 210 ಆಂಪಿಯರ್ ಸಿ.ಟಿ. ದಾಟಿದಾಗ ಇಷ್ಟಾಗುತ್ತದೆ) ಹರಿಯುತ್ತಿರುವಂತೆ ಇಟ್ಟಾಗ ಸುಮಾರು 7 ಸೆಕೆಂಡ್ ಹಿಡಿಯಿತು. ಕೊನೆಯಲ್ಲಂತೂ ಅದು ಚಲಿಸುತ್ತಿದೆಯೋ ಇಲ್ಲವೋ ಎಂದು ತಿಳಿಯದಷ್ಟು ನಿಧಾನ.

ಆಮೇಲೆ ಸಂಜೆಯ ಘಟನೆಯನ್ನೇ ಕಿಟ್‌ನಲ್ಲಿ ಮರುಸೃಷ್ಟಿಸಿದೆ. 4 ಆಂಪಿಯರ್ (ಲೈನ್‌ನ 1200 ಆಂಪಿಯರ್‌ಗೆ ಸಮ) 0.464 ಸೆಕೆಂಡ್, ಬಳಿಕ 0.7 ಆಂಪಿಯರ್ 1 ಸೆಕೆಂಡ್, ಮತ್ತೆ 4 ಆಂಪಿಯರ್ ಕೊಟ್ಟು ಸಂಪರ್ಕ ಮುಟ್ಟುವವರೆಗೆ ಕಾದೆ. ಲೆಕ್ಕದ ಪ್ರಕಾರ 0.96 ಸೆಕೆಂಡ್ ಆಗಬೇಕಿತ್ತು, ಬಂದದ್ದು 0.95. ನಾಲ್ಕು ಫಾಲ್ಟ್‌ಗಳ ಪೂರ್ತಿ ಸರಣಿಯನ್ನು ಕೊಟ್ಟಾಗ ನಾಲ್ಕನೆಯದಕ್ಕೆ ಫ್ಲ್ಯಾಗ್ ಬಿತ್ತು.

ಡೆಡ್ ಟೈಮ್‌ಗಳನ್ನು 1, 10, 20 ಸೆಕೆಂಡ್ ಮಾಡಿದ್ದೇನೆ, ಅದೇ ಸರಣಿಯನ್ನು ಹೊಸ ಅಂತರಗಳೊಂದಿಗೆ ಕೊಟ್ಟಾಗ ಫ್ಲ್ಯಾಗ್ ಬೀಳಲಿಲ್ಲ. ಮೂರು ಕೇಬಲ್ ಫೀಡರ್‌ಗಳಲ್ಲಿ ಎರಡಕ್ಕೆ ನ್ಯೂಮರಿಕಲ್ ರಿಲೇಗಳಿವೆ. ಕೈಪಿಡಿ ಓದಿ ಅವುಗಳ ಅರ್ಥ್ ಫಾಲ್ಟ್ ರಿಸೆಟ್‌ನ್ನು 1 ಸೆಕೆಂಡಿಗೆ ಏರಿಸಿದೆ. ಅವುಗಳ ದಾಖಲೆಯನ್ನು ತೆಗೆದು ನೋಡಿದಾಗ ಒಂದರಲ್ಲಿ ಜುಲೈನಿಂದೀಚೆ ಟ್ರಿಪ್ ಇಲ್ಲದ ಪಿಕ್‌ಅಪ್ ಸಾಲುಗಳು ಹನ್ನೊಂದು ಸಿಕ್ಕಿವೆ. ಆ ಕೇಬಲ್‌ನ ಜಾಯಿಂಟ್ ಇರುವುದು ಚರಂಡಿಯ ಪಕ್ಕದಲ್ಲಿ. ನಾಳೆ ಬೆಳಿಗ್ಗೆ ಅಗೆಸುತ್ತಿದ್ದೇನೆ.